‘ನಿಮ್ಮ ಸೈಜ್ ಬರಲ್ಲ’ ಎನ್ನುವ ಅಂಗಡಿಗಳಲ್ಲಿ ದಪ್ಪ ಮೈಯವರು ಬಟ್ಟೆ ಕೊಳ್ಳುವುದು ಹೇಗೆ?

ಶರಾವತಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು ನಲವತ್ತೊಂದು. ಎರಡನೆಯ ಹೆರಿಗೆಯ ನಂತರ ಮೈ ತುಂಬಿಕೊಂಡಿತು, ಆಮೇಲೆ ಥೈರಾಯ್ಡ್ ತೊಂದರೆಯೂ ಜೊತೆಗೂಡಿತು. ಈಗ ನನ್ನ ಎದೆಯ ಸುತ್ತಳತೆ 47 ಇಂಚು, ಸೊಂಟ 43, ಸೀಟು (ಕುಳಿತುಕೊಳ್ಳುವ ಭಾಗದ ಸುತ್ತು) 50, ಮೇಲ್ದೋಳಿನ ಸುತ್ತು 17 ಇಂಚು. ಅಳತೆ ತಿಳಿಸದೆ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲವೆಂದು ಈ ಅಂಕಿಗಳನ್ನು ಸಂಕೋಚವಿಲ್ಲದೆ ಬರೆದಿದ್ದೇನೆ.

ಕಳೆದ ತಿಂಗಳು ನಾದಿನಿಯ ಮಗನ ಉಪನಯನಕ್ಕೆಂದು ಕುರ್ತಿ ಕೊಳ್ಳಲು ಹೋಗಿದ್ದೆ. ಮೊದಲ ಅಂಗಡಿಯಲ್ಲಿ ನಾನು ಬಾಯಿ ತೆರೆಯುವ ಮುನ್ನವೇ ಕೌಂಟರಿನ ಹುಡುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ನಿಮ್ಮ ಸೈಜ್ ಬರಲ್ಲ ಮೇಡಂ” ಎಂದಳು. ಎರಡನೆಯ ಅಂಗಡಿಯಲ್ಲಿ ಮೂರು ಎಕ್ಸ್‌ಎಲ್ ಎಂಬ ಚೀಟಿಯಿದ್ದ ಕೆಂಗಂದು ಬಣ್ಣದ ಹತ್ತಿಯ ಕುರ್ತಿಯೊಂದು ಸಿಕ್ಕಿತು. ಟ್ರಯಲ್ ರೂಮಿನಲ್ಲಿ ತೊಟ್ಟಾಗ ತೋಳು ಅರ್ಧಕ್ಕೇ ಸಿಕ್ಕಿಕೊಂಡಿತು, ಆದರೆ ಅದೇ ಕುರ್ತಿಯ ಕೊರಳು ಭುಜದಿಂದ ಜಾರಿ ಇಳಿಯುತ್ತಿತ್ತು. ಬಿಚ್ಚಲು ಕೈ ಎತ್ತಿದಾಗ ಎಡಗಂಕುಳಲ್ಲಿ ಹೊಲಿಗೆ ಪಟಪಟನೆ ಬಿಟ್ಟುಕೊಂಡಿತು. ಹೊರಗೆ ಬಂದು ಅದನ್ನು ಹೇಳಲಾರದೆ, ಪೂರ್ತಿ ಹಣ ತೆತ್ತು ಆ ಕುರ್ತಿಯನ್ನು ಮನೆಗೆ ತಂದೆ. ಅದು ಈಗಲೂ ಬೀರುವಿನಲ್ಲಿದೆ, ಉಪನಯನಕ್ಕೆ ಹಳೆಯ ಸೀರೆಯನ್ನೇ ಉಟ್ಟೆ.

ನಾನು ಕೇಳಬೇಕೆಂದಿರುವುದು ಇಷ್ಟು. ಒಂದು ಕಡೆ ಸಾಲದೆ ಇನ್ನೊಂದು ಕಡೆ ಜೋಲುವ ಈ ವಿಚಿತ್ರಕ್ಕೆ ಕಾರಣವೇನು? ಎಕ್ಸ್‌ಎಲ್ ಅಥವಾ ಎರಡು ಎಕ್ಸ್‌ಎಲ್‌ಗೇ ನಿಲ್ಲಿಸುವ ನಮ್ಮೂರಿನಂಥ ಊರುಗಳ ಅಂಗಡಿಗಳಲ್ಲಿ ಏನನ್ನು ನೋಡಿ, ಏನನ್ನು ಕೇಳಿ ಕೊಳ್ಳಬೇಕು? “ತೂಕ ಇಳಿಸಿ” ಎಂಬ ಸಲಹೆಯನ್ನು ದಯವಿಟ್ಟು ಇಲ್ಲಿ ಬರೆಯಬೇಡಿ. ಅದನ್ನು ವೈದ್ಯರ ಬಳಿ ಮಾತನಾಡಿಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಇಂದಿನ ಮೈಗೇ ಬಟ್ಟೆ ಬೇಕು.

ಹೊಂಗೆಮರ, ಬೆಂಗಳೂರು

ಶರಾವತಿಯವರೇ, ಟ್ರಯಲ್ ರೂಮಿನ ಆ ಗಳಿಗೆಯನ್ನು ನಾನೂ ಬಲ್ಲೆ. ನನ್ನ ಎದೆಯ ಅಳತೆ 45. ಹತ್ತು ವರ್ಷ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್, ಜಯನಗರ ನಾಲ್ಕನೇ ಬ್ಲಾಕ್ ಎಂದು ಸುತ್ತಿದ ಮೇಲೆ ರೂಢಿಯಾದ ಒಂದು ಅಭ್ಯಾಸವನ್ನು ಹೇಳುತ್ತೇನೆ. ಚೀಟಿಯ ಮೇಲಿನ ಇಂಗ್ಲಿಷ್ ಅಕ್ಷರವನ್ನು ನಾನು ಓದುವುದೇ ಇಲ್ಲ. ಕೈಚೀಲದಲ್ಲಿ ಹೊಲಿಗೆಯ ಟೇಪು ಇರುತ್ತದೆ. ಕುರ್ತಿಯನ್ನು ಕೌಂಟರಿನ ಮೇಲೆ ಸಮವಾಗಿ ಹಾಸಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗೆ ಅಳೆದು, ಬಂದದ್ದನ್ನು ಎರಡರಷ್ಟು ಮಾಡಿಕೊಳ್ಳುತ್ತೇನೆ. ಸೀಟಿನ ಜಾಗದಲ್ಲಿಯೂ ತೋಳಿನ ಮೇಲ್ಭಾಗದಲ್ಲಿಯೂ ಹಾಗೆಯೇ. ಅಳತೆ ಹೊಂದಿದರೆ ಮಾತ್ರ ಟ್ರಯಲ್ ರೂಮಿಗೆ ಹೋಗುತ್ತೇನೆ. ಇದರಿಂದ ಬೇಸರವೂ ತಪ್ಪಿತು, ಹೊಲಿಗೆ ಬಿಡುವ ಸದ್ದೂ ತಪ್ಪಿತು. ಒಂದೇ ಅಂಗಡಿಯಲ್ಲಿ, ಒಂದೇ ಅಕ್ಷರ ಹೊತ್ತ ಎರಡು ಕುರ್ತಿಗಳಲ್ಲಿ ಮೂರು ಇಂಚಿನ ವ್ಯತ್ಯಾಸವಿದ್ದುದನ್ನು ನಾನೇ ಅಳೆದು ನೋಡಿದ್ದೇನೆ.

ದರ್ಜಿ, ಹುಬ್ಬಳ್ಳಿ

ದುರ್ಗದ ಬೈಲಿನ ಹತ್ತಿರ ಇಪ್ಪತ್ತಾರು ವರ್ಷಗಳಿಂದ ಹೊಲಿಗೆ ಮಾಡುತ್ತಿದ್ದೇನೆ. ಶರಾವತಿ ಅಕ್ಕನವರ ಮೊದಲ ಪ್ರಶ್ನೆಗೆ ಉತ್ತರ ಬರೆಯುತ್ತೇನೆ, ಸ್ವಲ್ಪ ಉದ್ದವಾಗಬಹುದು.

ಸಿದ್ಧ ಉಡುಪಿನ ಕಾರ್ಖಾನೆಯವರು ಸಾಮಾನ್ಯವಾಗಿ ಮಧ್ಯಮ ಮೈಕಟ್ಟಿನ ಒಂದು ಅಳತೆಗೆ ಕಾಗದದ ಕಟಿಂಗ್ ಮಾಡಿಕೊಂಡು, ಅದನ್ನೇ ಪ್ರತಿ ಸೈಜಿಗೂ ಇಷ್ಟಿಷ್ಟು ಎಂದು ಎಲ್ಲ ಕಡೆ ಹಿಗ್ಗಿಸುತ್ತಾ ಹೋಗುತ್ತಾರೆ. ಎದೆ ಹಿಗ್ಗಿಸಿದಾಗ ಭುಜ ಹಿಗ್ಗುತ್ತದೆ, ಕೊರಳೂ ಹಿಗ್ಗುತ್ತದೆ. ಆದರೆ ಮನುಷ್ಯರ ಮೈ ಹಾಗೆ ಬೆಳೆಯುವುದಿಲ್ಲ. ದಪ್ಪವಾದಾಗ ಭುಜದ ಮೂಳೆ ಅಗಲವಾಗುವುದಿಲ್ಲ. ಎದೆ, ಹೊಟ್ಟೆ, ಸೀಟು, ಮೇಲ್ದೋಳುಗಳು ತುಂಬಿಕೊಳ್ಳುತ್ತವೆ. ಹೀಗಾಗಿ ನಾಲ್ಕೈದು ಸೈಜು ಹಿಗ್ಗಿಸಿದ ಬಟ್ಟೆಯಲ್ಲಿ ಕೊರಳು ಜಾರುತ್ತದೆ, ಭುಜದ ಹೊಲಿಗೆ ತೋಳಿನ ಮೇಲೆ ಇಳಿಯುತ್ತದೆ, ತೋಳಿನ ಸುತ್ತು ಮಾತ್ರ ಸಾಲುವುದಿಲ್ಲ. ನಿಮ್ಮ ಕುರ್ತಿಯಲ್ಲಿ ಆದದ್ದು ಅಕ್ಷರಶಃ ಇದೇ. ತಪ್ಪು ಆಗಿರುವುದು ಕತ್ತರಿ ಹಾಕಿದ ಮೇಜಿನ ಮೇಲೆ, ನಿಮ್ಮ ಮೈಯಲ್ಲಿ ಅಲ್ಲ. ಈ ಮಾತನ್ನು ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳಿಗೆ ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತೇನೆ.

ಇನ್ನೊಂದು ವಿಷಯ ಸಡಿಲದ್ದು. ಮೈ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ. ಹಿಗ್ಗದ ಹತ್ತಿ ಅಥವಾ ರೇಯಾನ್ ಬಟ್ಟೆಯಾದರೆ ಎದೆಯಲ್ಲಿ ಮೂರರಿಂದ ನಾಲ್ಕು ಇಂಚು ಸಡಿಲ ಬೇಕು, ದಿನವಿಡೀ ಕುಳಿತು ಕೆಲಸ ಮಾಡುವವರಿಗೆ ಸೀಟಿನಲ್ಲಿ ನಾಲ್ಕಾದರೂ ಇರಬೇಕು, ತೋಳಿನಲ್ಲಿ ಒಂದೂವರೆಯಿಂದ ಎರಡು. ಆ ಲೆಕ್ಕದಲ್ಲಿ ನಿಮಗೆ ಬೇಕಾದ ಕುರ್ತಿಯ ಎದೆ 50ರಿಂದ 51, ಸೀಟು 54, ತೋಳು 18½ರಿಂದ 19. ನಮ್ಮ ಮಾರುಕಟ್ಟೆಯ ಬಹಳಷ್ಟು ಕುರ್ತಿಗಳಲ್ಲಿ ಎಕ್ಸ್‌ಎಲ್ ಅಂದರೆ 42, ಎರಡು ಎಕ್ಸ್‌ಎಲ್ 44, ಮೂರು 46, ನಾಲ್ಕು 48, ಐದು 50. ಮೂರು ಎಕ್ಸ್‌ಎಲ್‌ನ 46 ನಿಮ್ಮ ಮೈಯ 47ಕ್ಕೆ ಸಾಲುವ ಮಾತೇ ಇರಲಿಲ್ಲ. ಕೆಲವು ಕಂಪನಿಗಳ ಚೀಟಿಯಲ್ಲಿರುವ ಅಂಕಿ ಮೈಯದ್ದಾಗಿರುತ್ತದೆ, ಕೆಲವರದ್ದು ಬಟ್ಟೆಯದ್ದಾಗಿರುತ್ತದೆ. ಯಾವುದೆಂದು ತಿಳಿಯಲು ಹೊಂಗೆಮರ ಅವರು ಹೇಳಿದಂತೆ ಟೇಪು ಹಿಡಿಯುವುದೊಂದೇ ದಾರಿ. ಚೀಟಿಯಲ್ಲಿ ಸೆಂಟಿಮೀಟರ್ ಇದ್ದರೆ 112 ಅಂದರೆ 44 ಇಂಚು, 117 ಅಂದರೆ 46, 122 ಅಂದರೆ 48 ಎಂದು ನೆನಪಿಟ್ಟುಕೊಳ್ಳಿ.

ಕೊಳ್ಳುವ ಮೊದಲು ಬಟ್ಟೆಯನ್ನು ತಿರುವಿ ಒಳಗಿನ ಹೊಲಿಗೆ ನೋಡಿ. ಪಕ್ಕದ ಹೊಲಿಗೆಯಾಚೆ ಒಂದು ಇಂಚು ಬಟ್ಟೆ ಬಿಟ್ಟಿದ್ದರೆ, ಎರಡು ಪಕ್ಕ ಬಿಚ್ಚಿದಾಗ ಸುತ್ತಳತೆಯಲ್ಲಿ ಎರಡೂವರೆಯಿಂದ ಮೂರು ಇಂಚು ಸಿಗುತ್ತದೆ. ಕಾಲು ಇಂಚಿಗೇ ಓವರ್‌ಲಾಕ್ (ಎಳೆ ಬಿಡದಂತೆ ಅಂಚಿಗೆ ಹಾಕುವ ಹೊಲಿಗೆ) ಹೊಡೆದು ಕತ್ತರಿಸಿದ್ದರೆ ಬಿಚ್ಚಿ ಪ್ರಯೋಜನವಿಲ್ಲ. ನಿಮ್ಮ ಕೆಂಗಂದು ಕುರ್ತಿಯ ಒಳಹೊಲಿಗೆ ಹೇಗಿದೆ ಎಂದು ನೋಡಿ ತಿಳಿಸುತ್ತೀರಾ?

ಶರಾವತಿ, ಶಿವಮೊಗ್ಗ

ಅಣ್ಣ, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ಭುಜದ ಮೂಳೆಯ ಮಾತನ್ನು ಇದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಕುರ್ತಿಯನ್ನು ತಿರುವಿ ನೋಡಿದೆ. ಕಾಲು ಇಂಚು ಮಾತ್ರ ಇದೆ, ಅದಕ್ಕೂ ಓವರ್‌ಲಾಕ್ ಆಗಿದೆ. ಹಾಸಿ ಅಳೆದಾಗ ಎದೆ 46, ತೋಳು 16 ಬಂತು. ಇದನ್ನು ಕೈಬಿಡುವುದೇ ಸರಿಯೆ?

ದರ್ಜಿ, ಹುಬ್ಬಳ್ಳಿ

ಕೈಬಿಡಬೇಡಿ. ಕುರ್ತಿಯ ಕೆಳ ಅಂಚಿನಿಂದ ಕಂಕುಳಿನವರೆಗೆ, ಅಲ್ಲಿಂದ ತೋಳಿನ ತುದಿಯವರೆಗೆ ಒಂದೇ ಸಾಲಿನಲ್ಲಿ ಹೊಲಿಗೆ ಹೋಗಿರುತ್ತದೆ. ಅದನ್ನು ಎರಡೂ ಪಕ್ಕ ಪೂರ್ತಿ ಬಿಚ್ಚಿಸಿ, ನಡುವೆ ಎರಡೂವರೆ ಇಂಚು ಅಗಲದ ಪಟ್ಟಿ ಕೂಡಿಸಿದರೆ ತೋಳು 18½ ಆಗುತ್ತದೆ, ಎದೆ 51 ಆಗುತ್ತದೆ. ಪಟ್ಟಿಗೆ ಅದೇ ಬಟ್ಟೆ ಸಿಗುವುದಿಲ್ಲ, ಆದ್ದರಿಂದ ಎದ್ದು ಕಾಣುವ ಬೇರೆ ಬಟ್ಟೆಯನ್ನೇ ಹಾಕಿಸಿ, ಇಳಕಲ್ಲಿನ ದಡಿಯ ತುಂಡಾದರೂ ಚೆನ್ನಾಗಿರುತ್ತದೆ. ಅದೇ ಬಟ್ಟೆಯನ್ನು ಕೊರಳಿನ ಅಂಚಿಗೂ ಕೊಟ್ಟರೆ ತೇಪೆಯೆಂದು ಯಾರಿಗೂ ಅನ್ನಿಸುವುದಿಲ್ಲ. ಕೊರಳು ಜಾರದಂತೆ ಬೆನ್ನಿನ ಕಡೆ ಎರಡು ಸಣ್ಣ ಟಕ್ಸು (ಬಟ್ಟೆಯನ್ನು ಮಡಿಸಿ ಹಾಕುವ ಹೊಲಿಗೆ) ಹಿಡಿಸಿ, ಇಲ್ಲವೆ ಕಟ್ಟಿಕೊಳ್ಳುವ ದಾರ ಇಡಿಸಿ.

ಇದು ಹೊಸ ವಿದ್ಯೆಯೂ ಅಲ್ಲ. ಹಳೆಯ ಕಾಲದ ಜುಬ್ಬಾಗಳ ಕಂಕುಳಲ್ಲಿ ಚೌಕಾಕಾರದ ತುಂಡು, ಪಕ್ಕದಲ್ಲಿ ಕಲಿ ಎಂಬ ಪಟ್ಟಿ ಇದ್ದೇ ಇರುತ್ತಿದ್ದವು. ಕೈ ಎತ್ತಿದರೂ, ನೆಲಕ್ಕೆ ಕುಳಿತರೂ ಅವು ಹರಿಯುತ್ತಿರಲಿಲ್ಲ. ಈಗಿನ ಕಟಿಂಗಿನಲ್ಲಿ ಅದನ್ನು ತೆಗೆದುಹಾಕಿದ್ದಾರೆ.

ಜವಳಿ ವ್ಯಾಪಾರಿ, ತುಮಕೂರು

ಅಂಗಡಿಯವರ ಕಡೆಯಿಂದಲೂ ಒಂದು ಮಾತು ಇರಲಿ ಎಂದು ಬರೆಯುತ್ತಿದ್ದೇನೆ. ಶರಾವತಿಯವರಿಗೆ ಆದ ಅವಮಾನವನ್ನು ಸಮರ್ಥಿಸುವುದಿಲ್ಲ. ಕೇಳುವ ಮುನ್ನವೇ ಇಲ್ಲವೆನ್ನುವುದು ವ್ಯಾಪಾರದ ರೀತಿಯಲ್ಲ.

ನಮಗೆ ಕುರ್ತಿಗಳು ಸಗಟಿನಲ್ಲಿ ಸೆಟ್ ಲೆಕ್ಕದಲ್ಲಿ ಬರುತ್ತವೆ. ಒಂದು ಡಿಸೈನಿನ ಸೆಟ್ ಎಂದರೆ ಮಧ್ಯಮದಿಂದ ಎರಡು ಎಕ್ಸ್‌ಎಲ್‌ವರೆಗೆ ನಾಲ್ಕು ಪೀಸು. ಬಿಡಿಯಾಗಿ ಕೊಡುವುದಿಲ್ಲ. ಮೂರು ಎಕ್ಸ್‌ಎಲ್‌ನಿಂದ ಮೇಲಿನದ್ದಕ್ಕೆ ಬೇರೆಯೇ ಸೆಟ್ ಇರುತ್ತದೆ, ಎಲ್ಲ ಡಿಸೈನಿನಲ್ಲೂ ಇರುವುದಿಲ್ಲ, ಪೀಸಿಗೆ ದರವೂ ಹೆಚ್ಚು. ಹತ್ತಡಿ ಅಂಗಡಿಯವನು ಆ ಸೆಟ್ ತಂದು ಎರಡು ಪೀಸು ಮಾರಿ ಎರಡು ಉಳಿದರೆ ಆ ಡಿಸೈನಿನ ಲಾಭವೆಲ್ಲ ಅಲ್ಲೇ ಕುಳಿತುಬಿಡುತ್ತದೆ. ದೊಡ್ಡ ಸೈಜಿನವರು ಅಂಗಡಿಗೆ ಬರುವುದಿಲ್ಲವೆಂದು ನಾವು ತರಿಸುವುದಿಲ್ಲ, ನಾವು ತರಿಸುವುದಿಲ್ಲವೆಂದು ಅವರು ಬರುವುದಿಲ್ಲ.

ದರ ಏಕೆ ಹೆಚ್ಚೆಂಬುದಕ್ಕೆ ಪನ್ನಾದ, ಅಂದರೆ ಬಟ್ಟೆಯ ಅಗಲದ, ಲೆಕ್ಕವಿದೆ. ಕುರ್ತಿಯ ಬಟ್ಟೆ ಸಾಮಾನ್ಯವಾಗಿ 44 ಇಂಚು ಪನ್ನಾದ್ದು. ಸೀಟು 40 ಇಂಚಿನ ಕುರ್ತಿಯಾದರೆ ಮುಂಭಾಗಕ್ಕೆ ಹೊಲಿಗೆ ಸೇರಿ ಇಪ್ಪತ್ತೊಂದೂವರೆ, ಹಿಂಭಾಗಕ್ಕೂ ಅಷ್ಟೇ, ಎರಡೂ ಪಕ್ಕಪಕ್ಕದಲ್ಲಿ ಹಿಡಿಸುತ್ತವೆ. ಸೀಟು 54 ಆದಾಗ ಒಂದೊಂದು ಭಾಗಕ್ಕೂ 28ರ ಮೇಲೆ ಬೇಕಾಗುತ್ತದೆ. ಪಕ್ಕಪಕ್ಕ ಹಿಡಿಸುವುದಿಲ್ಲ, ಒಂದರ ಕೆಳಗೆ ಒಂದು ಹಾಸಬೇಕು. ಹೀಗೆ ಎರಡು ಮೀಟರಿನೊಳಗೆ ಮುಗಿಯುವ ಕುರ್ತಿ ಎರಡೂವರೆ ಮೀಟರ್ ಕೇಳುತ್ತದೆ.

ಹೊಂಗೆಮರ, ಬೆಂಗಳೂರು

ವ್ಯಾಪಾರಿಯವರು ಒಳಗಿನ ಲೆಕ್ಕವನ್ನು ಬಿಚ್ಚಿಟ್ಟಿದ್ದಕ್ಕೆ ಧನ್ಯವಾದಗಳು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಚಿಕ್ಕ ಸೈಜಿಗೂ ಎರಡು ಎಕ್ಸ್‌ಎಲ್‌ಗೂ ಬಟ್ಟೆಯಲ್ಲಿ ವ್ಯತ್ಯಾಸವಿದ್ದೇ ಇದೆ. ಅಲ್ಲಿಯವರೆಗೆ ಎಲ್ಲರಿಗೂ ಒಂದೇ ದರವಿಟ್ಟು, ಸರಾಸರಿಯಲ್ಲಿ ಸರಿದೂಗಿಸುತ್ತಾರೆ. ಆ ಸರಾಸರಿಯನ್ನು ಇನ್ನು ಎರಡು ಮೂರು ಸೈಜು ಮುಂದಕ್ಕೆ ಎಳೆಯುವುದು ಅಸಾಧ್ಯವೇನಲ್ಲ. ಅರ್ಧ ಮೀಟರ್ ಬಟ್ಟೆಗೆ ಹೆಚ್ಚು ಹಣ ಕೊಡಬೇಕಾದರೆ ನಾನು ಕೊಡಬಲ್ಲೆ, ಆದರೆ ಹೆಚ್ಚು ಹಣಕ್ಕೆ ಸಿಗುವುದು ಕಪ್ಪು, ಕಡುನೀಲಿ, ಕಂದು ಬಣ್ಣಗಳು ಮಾತ್ರ. ಗಿಳಿಹಸಿರು, ಅರಿಶಿನ, ಗುಲಾಬಿಗಳೆಲ್ಲ ಎರಡು ಎಕ್ಸ್‌ಎಲ್‌ಗೇ ಮುಗಿದುಹೋಗುತ್ತವೆ. ದಪ್ಪಗಿರುವವರಿಗೆ ಬಣ್ಣದ ಆಸೆ ಇರುವುದಿಲ್ಲವೆಂದು ತೀರ್ಮಾನಿಸಿದವರು ಯಾರು?

ಜವಳಿ ವ್ಯಾಪಾರಿ, ತುಮಕೂರು

ಬಣ್ಣದ ಮಾತು ನಿಜ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ನಮ್ಮ ಅಂಗಡಿಯಲ್ಲಿ ಈಗ ಒಂದು ಪುಸ್ತಕವಿಟ್ಟಿದ್ದೇವೆ. ಸೈಜು ಸಿಗದೆ ಹೋಗುವವರ ಎದೆ, ಸೀಟು, ತೋಳಿನ ಅಳತೆಯನ್ನೂ ಇಷ್ಟದ ಬಣ್ಣವನ್ನೂ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳುತ್ತೇವೆ. ನಾಲ್ಕು ಹೆಸರು ಸೇರಿದರೆ ಒಂದು ದೊಡ್ಡ ಸೆಟ್ ಧೈರ್ಯವಾಗಿ ತರಿಸಬಹುದು. ನಿಮ್ಮ ಊರಿನ ಅಂಗಡಿಯಲ್ಲೂ ಹೀಗೆ ಬರೆಸಿ ಬನ್ನಿ. ಬರಿಗೈಯಲ್ಲಿ ಸುಮ್ಮನೆ ಹೊರಟುಹೋದ ಗಿರಾಕಿಗೆ ಏನು ಬೇಕಿತ್ತೆಂದು ಅಂಗಡಿಯವನಿಗೆ ತಿಳಿಯುವುದೇ ಇಲ್ಲ.

ಕಲ್ಲುಕೋಟೆ, ಚಿತ್ರದುರ್ಗ

ನನ್ನ ಮಗಳ ಸಂಗತಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅವಳು ಮೊದಲ ಪಿಯುಸಿ. ಕಾಲೇಜಿನವರು ಗೊತ್ತುಮಾಡಿದ ಒಂದೇ ಅಂಗಡಿಯಲ್ಲಿ ಸಮವಸ್ತ್ರ ಕೊಳ್ಳಬೇಕಿತ್ತು, ಅಲ್ಲಿ 42ಕ್ಕೆ ಸೈಜು ನಿಂತುಹೋಗುತ್ತಿತ್ತು. ಅವಳಿಗೆ 46 ಬೇಕು. ಕುರ್ತಾದ ಎರಡೂ ಪಕ್ಕ ಬಿಚ್ಚಿ ಸೇಫ್ಟಿ ಪಿನ್ನು ಹಾಕಿಕೊಂಡು, ಮೇಲೆ ವೇಸ್ಟ್‌ಕೋಟು ತೊಟ್ಟು ಮೂರು ವಾರ ತರಗತಿಗೆ ಹೋದಳು. ಒಂದು ಸಂಜೆ ಬಟ್ಟೆ ಒಗೆಯಲು ತೆಗೆದಾಗ ಎಡಪಕ್ಕಕ್ಕೆ ಐದು, ಬಲಪಕ್ಕಕ್ಕೆ ಆರು ಪಿನ್ನುಗಳಿದ್ದುದನ್ನು ನೋಡಿದೆ. ಕೇಳಿದಾಗ, ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಕೈ ಎತ್ತುವುದಿಲ್ಲ ಅಮ್ಮ, ಎತ್ತಿದರೆ ಪಿನ್ನು ಕಾಣುತ್ತದೆ ಎಂದಳು.

ಮರುದಿನ ನಾನೂ ಅವಳ ಅಪ್ಪನೂ ಪ್ರಾಂಶುಪಾಲರನ್ನು ಕಂಡು, ಸಮವಸ್ತ್ರದ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕೊಡಿಸಿದರೆ ಹೊರಗೆ ಹೊಲಿಸಿಕೊಳ್ಳುತ್ತೇವೆಂದು ಕೇಳಿಕೊಂಡೆವು. ಅವರು ಅಂಗಡಿಯವರಿಗೆ ಅಲ್ಲಿಯೇ ಫೋನು ಮಾಡಿದರು, ಬಟ್ಟೆ ಎರಡೇ ದಿನದಲ್ಲಿ ಸಿಕ್ಕಿತು. ಅವರ ಗಮನಕ್ಕೆ ಇದು ಬಂದೇ ಇರಲಿಲ್ಲ. ನನ್ನ ಮಗಳಂಥ ಇನ್ನೂ ಮೂವರು ಹೆಣ್ಣುಮಕ್ಕಳೂ ಇಬ್ಬರು ಗಂಡುಮಕ್ಕಳೂ ಅದೇ ದಾರಿಯಲ್ಲಿ ಬಟ್ಟೆ ತೆಗೆದುಕೊಂಡರು. ಹೆತ್ತವರು ಈ ಒಂದು ಮಾತನ್ನು ದಾಖಲಾತಿಯ ದಿನವೇ ಕೇಳಿಬಿಡಬೇಕು. ಮಕ್ಕಳು ತಾವಾಗಿ ಹೇಳಿಕೊಳ್ಳುವುದಿಲ್ಲ.

ಶರಾವತಿ, ಶಿವಮೊಗ್ಗ

ಕಲ್ಲುಕೋಟೆಯವರೇ, ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮಗಳಿಗೆ ನನ್ನ ಪ್ರೀತಿಯನ್ನು ತಿಳಿಸಿ.

ಕಡಲಾಚೆ, ನ್ಯೂಜೆರ್ಸಿ

ನಾನು ಹಾಸನದವಳು, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ದರ್ಜಿ ಅಣ್ಣನವರು ಹೇಳಿದ ಭುಜದ ಮಾತಿಗೆ ಇಲ್ಲಿಯ ಒಂದು ಉದಾಹರಣೆ ಸೇರಿಸುತ್ತೇನೆ. ಅಮೆರಿಕದ ಹೆಂಗಸರ ಉಡುಪುಗಳಲ್ಲಿ 14 ಎಂಬ ಸೈಜೂ ಇದೆ, ಅಂಕಿಯ ಮುಂದೆ ಡಬ್ಲ್ಯೂ ಅಕ್ಷರವಿರುವ 14 ಡಬ್ಲ್ಯೂ ಎಂಬ ಸೈಜೂ ಇದೆ. ನೋಡಲು ಒಂದೇ ಅಂಕಿಯಾದರೂ ಎರಡನೆಯದರ ಕಟಿಂಗ್ ಬೇರೆ. ಎದೆ, ಹೊಟ್ಟೆ, ತೋಳುಗಳಿಗೆ ಹೆಚ್ಚು ಜಾಗವಿಟ್ಟು ತುಂಬಿದ ಮೈಗೆಂದೇ ಅದನ್ನು ಕತ್ತರಿಸಿರುತ್ತಾರೆ. ಭಾರತದಲ್ಲೂ ಕೆಲವರು ಹೀಗೆ ಪ್ರತ್ಯೇಕ ಸಾಲು ಇಟ್ಟಿದ್ದಾರೆ. ವೆಸ್ಟ್‌ಸೈಡ್ ಮಳಿಗೆಯಲ್ಲಿ ಜಿಯಾ ಎಂಬ ಹೆಸರಿನದ್ದು ಅಂಥದ್ದೇ. ಊರಿಗೆ ಬಂದಾಗ ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಆನ್‌ಲೈನಿನಲ್ಲಿ ಕೊಳ್ಳುವವರು ಮೊದಲು ಸೈಜಿನ ಫಿಲ್ಟರನ್ನು ಆರಿಸಿಕೊಂಡು ಆಮೇಲೆ ಬಟ್ಟೆ ನೋಡಿದರೆ, ಮನಸ್ಸಿಗೆ ಹಿಡಿಸಿದ ಮೇಲೆ ನಮ್ಮ ಸೈಜಿಲ್ಲವೆಂದು ತಿಳಿಯುವ ನೋವು ತಪ್ಪುತ್ತದೆ. ಮನೆಯಲ್ಲಿ ಚೆನ್ನಾಗಿ ಕೂರುವ ಒಂದು ಹಳೆಯ ಕುರ್ತಿಯನ್ನು ಅಳೆದು, ಆ ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮೈ ಅಳತೆಗಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ನೂಲೆಳೆ, ಬೆಂಗಳೂರು

ಜವಳಿ ವಿನ್ಯಾಸದ ಪಾಠ ಹೇಳುವವಳಾಗಿ ಒಂದು ಹಿನ್ನೆಲೆ ತಿಳಿಸುತ್ತೇನೆ. ನಮ್ಮ ದೇಶಕ್ಕೆ ತನ್ನದೇ ಆದ ಸೈಜ್ ಪಟ್ಟಿ ಇರಲಿಲ್ಲವಾದ್ದರಿಂದ ಅಮೆರಿಕ, ಬ್ರಿಟನ್‌ಗಳ ಪಟ್ಟಿಗಳನ್ನೇ ಅಲ್ಲಿ ಇಲ್ಲಿ ತಿದ್ದಿ ಬಳಸುತ್ತಾ ಬಂದರು. ಇದಕ್ಕೆ ಪರಿಹಾರವಾಗಿ ಕೇಂದ್ರ ಜವಳಿ ಸಚಿವಾಲಯದ ಬೆಂಬಲದಿಂದ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ‘ಇಂಡಿಯಾಸೈಜ್’ ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. 15ರಿಂದ 65 ವರ್ಷದ 25,000 ಮಂದಿಯ ಮೈಯನ್ನು 3ಡಿ ಸ್ಕ್ಯಾನರಿನಲ್ಲಿ ಅಳೆಯುವ ಗುರಿಯಿಟ್ಟು ಆರಿಸಿದ ಆರು ನಗರಗಳಲ್ಲಿ ಬೆಂಗಳೂರೂ ಒಂದು. ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಶಿಲ್ಲಾಂಗ್ ಉಳಿದವು. ಪಟ್ಟಿ ಇದ್ದರೆ ಸಾಲದು, ಕಾರ್ಖಾನೆಗಳು ಅದರಂತೆ ಕತ್ತರಿಸಬೇಕು, ದೊಡ್ಡ ಸೈಜುಗಳಿಗೆ ಬೇರೆಯೇ ಮಾದರಿ ಮಾಡಿಕೊಳ್ಳಬೇಕು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ಕಾರಂಜಿ, ಮೈಸೂರು

ಗಂಡಸರ ಕಡೆಯಿಂದ ಯಾರೂ ಬರೆದಿಲ್ಲ. ನನ್ನ ಹೊಟ್ಟೆಯ ಸುತ್ತಳತೆ 50. ಶರ್ಟು ಹೊಟ್ಟೆಗೆ ಹಿಡಿಸುವಂತೆ ಕೊಂಡರೆ ಕಾಲರಿನಲ್ಲಿ ಎರಡು ಬೆರಳು ಹೋಗುವಷ್ಟು ಜಾಗವಿರುತ್ತದೆ, ತೋಳು ಬೆರಳ ತುದಿಯವರೆಗೆ ಬರುತ್ತದೆ. ಕಾಲರಿಗೆ ಹೊಂದುವಂತೆ ಕೊಂಡರೆ ಕುಳಿತಾಗ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ. ದೇವರಾಜ ಅರಸು ರಸ್ತೆಯಲ್ಲಿ ಹುಡುಕಿ ಹುಡುಕಿ ಬೇಸತ್ತು ನಾನು ಈಗ ಮಾಡುವುದೆಂದರೆ, 58 ಇಂಚು ಪನ್ನಾದ ಶರ್ಟಿಂಗ್ ತಂದು ಹೊಲಿಸುವುದು. ಮೂರನೆಯ ಗುಂಡಿಯಿಂದ ಕೆಳಗೆ ಮಾತ್ರ ಅಗಲವಾಗುವಂತೆ, ಗುಂಡಿಗಳ ಅಂತರ ಕಡಿಮೆಯಿರುವಂತೆ ಹೇಳುತ್ತೇನೆ. ಒಂದು ಗುಂಡಿ ಹೆಚ್ಚಾದರೆ ಬಾಯಿ ಬಿಡುವುದು ನಿಲ್ಲುತ್ತದೆ.

ಸಮಾರಂಭಗಳಿಗೆ ಪಂಚೆಯಷ್ಟು ನೆಮ್ಮದಿಯ ಉಡುಪು ಇನ್ನೊಂದಿಲ್ಲ. ಆದರೆ ಅಲ್ಲೂ ಅಳತೆ ಕೇಳಬೇಕು. ಕಚ್ಚೆ ಹಾಕುವವರು ಒಂಬತ್ತು-ಐದರ (ಒಂಬತ್ತು ಮೊಳದ ಪಂಚೆ, ಐದು ಮೊಳದ ಶಲ್ಯ) ಬದಲು ಹತ್ತು-ಆರರ ಜೋಡಿ ಕೇಳಿ; ಪಂಚೆ ಒಂದು ಮೊಳ ಹೆಚ್ಚಿರುವುದರಿಂದ ನೆರಿಗೆ ತುಂಬಿ ಬರುತ್ತದೆ. ಸುತ್ತಿಕೊಳ್ಳುವವರಿಗೆ ನಾಲ್ಕು ಮೊಳದ ಪಂಚೆ ಸಾಲದೆ ನಡೆಯುವಾಗ ತೊಡೆ ಕಾಣುತ್ತದೆ, ಎಂಟು ಮೊಳದ್ದನ್ನು ಮಡಿಸಿ ಉಟ್ಟರೆ ಸರಿಹೋಗುತ್ತದೆ. ಪ್ಯಾಂಟು ಒಳತೊಡೆಯಲ್ಲಿ ಸವೆದು ಹರಿಯುವವರು ಹೊಸದಿರುವಾಗಲೇ ಒಳಗಿನಿಂದ ತುಂಡು ಬಟ್ಟೆ ಹೊಲಿಸಿಕೊಳ್ಳಿ, ಬಾಳಿಕೆ ಎರಡರಷ್ಟಾಗುತ್ತದೆ.

ಮಲಪ್ರಭೆ, ಬಾಗಲಕೋಟೆ

ದಪ್ಪಗಿರುವವರು ಸೀರೆ ಉಟ್ಟರಾಯಿತು, ಅದಕ್ಕೆ ಸೈಜೇ ಇಲ್ಲ ಎಂದು ಸಲೀಸಾಗಿ ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಐದೂವರೆ ಮೀಟರಿನ ಸೀರೆ 50 ಇಂಚು ಸೀಟಿನವರಿಗೆ ಸುತ್ತಿದಾಗ ನೆರಿಗೆ ಮೂರೋ ನಾಲ್ಕೋ ಉಳಿಯುತ್ತದೆ, ಸೆರಗು ಗಿಡ್ಡವಾಗುತ್ತದೆ. ನಮ್ಮ ಕಡೆ ಇಳಕಲ್ ಸೀರೆಯನ್ನು ಆರು, ಎಂಟು, ಒಂಬತ್ತು ಗಜಗಳಲ್ಲಿ ನೇಯುವ ರೂಢಿಯಿದೆ. ನನ್ನ ಅತ್ತೆ ಉಡುತ್ತಿದ್ದುದು ಎಂಟು ಗಜದ್ದೇ. ನೇಕಾರರ ಬಳಿ ಮೊದಲೇ ಹೇಳಿ ನೇಯಿಸಿಕೊಂಡರೆ ಬೇಕಾದಷ್ಟು ನೆರಿಗೆ, ಮಂಡಿಯವರೆಗಿನ ಸೆರಗು ಎರಡೂ ಸಿಗುತ್ತವೆ.

ರವಿಕೆಯ ಕಣ ಇನ್ನೊಂದು ತೊಡಕು. ಸೀರೆಯ ಜೊತೆ ಬರುವುದು 80 ಸೆಂಟಿಮೀಟರ್. ಎದೆ 42 ದಾಟಿದವರಿಗೆ, ಅದರಲ್ಲೂ ತೋಳು ಮೊಣಕೈವರೆಗೆ ಬೇಕೆನ್ನುವವರಿಗೆ, ಅದು ಸಾಲುವುದಿಲ್ಲ. ಗುಳೇದಗುಡ್ಡದ ಖಣವಂತೂ ಪನ್ನಾದಲ್ಲೇ ಕಿರಿದು. ಆದ್ದರಿಂದ ನಾನು ಒಂದರ ಬದಲು ಎರಡು ಖಣ ಕೊಳ್ಳುತ್ತೇನೆ. ಮುಂಭಾಗಕ್ಕೆ ಒಂದು, ಬೆನ್ನಿಗೂ ತೋಳಿಗೂ ಇನ್ನೊಂದು; ಅಂಚು ಎಲ್ಲ ಕಡೆ ಒಂದೇ ಸಮನಾಗಿ ಬರುವುದರಿಂದ ನೋಡಲು ಬಹಳ ಚೆನ್ನಾಗಿರುತ್ತದೆ. ಒಳಲಂಗವನ್ನು ಆರು ಪಟ್ಟಿಯದ್ದಕ್ಕಿಂತ ಎಂಟು ಪಟ್ಟಿಯದ್ದು ಹೊಲಿಸಿಕೊಳ್ಳಿ. ತೆಳ್ಳನೆಯ ಲಾಡಿ ಸೊಂಟವನ್ನು ಕೊಯ್ದು ಕರೆಗಟ್ಟಿಸುತ್ತದೆ. ಎರಡು ಇಂಚು ಅಗಲದ ಬಟ್ಟೆಯ ಪಟ್ಟಿ, ಪಕ್ಕಕ್ಕೆ ಕೊಕ್ಕೆ ಇಡಿಸಿ.

ತುಂಗೆ, ಹರಿಹರ

ಒಳ ಉಡುಪಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಆದರೆ ಮೇಲಿನ ಬಟ್ಟೆ ಹೇಗೆ ಕೂರುತ್ತದೆ ಎಂಬುದರಲ್ಲಿ ಅದರ ಪಾಲು ದೊಡ್ಡದು. ಬ್ರಾದ ಅಂಕಿ ಎದೆಯ ಕೆಳಗಿನ ಪಟ್ಟಿಯ ಸುತ್ತಳತೆ, ಅಕ್ಷರ ಬಟ್ಟಲಿನ ಆಳ. ಎದೆಯ ತುಂಬು ಅಳತೆಗೂ ಕೆಳಗಿನ ಅಳತೆಗೂ ಇರುವ ಅಂತರ ಒಂದು ಇಂಚಾದರೆ ಎ, ಎರಡಾದರೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ನಮ್ಮಂಥ ಊರಿನ ಅಂಗಡಿಗಳಲ್ಲಿ ಬಿ ದಾಟುವುದೇ ಅಪರೂಪವಾದ್ದರಿಂದ, ಡಿ ಬೇಕಾದವರಿಗೆ ಪಟ್ಟಿ ದೊಡ್ಡದಿರುವುದನ್ನು ಕೊಟ್ಟು ಕಳಿಸುತ್ತಾರೆ. ಪಟ್ಟಿ ಬೆನ್ನಿನಲ್ಲಿ ಮೇಲೇರುತ್ತದೆ, ಭಾರವೆಲ್ಲ ಭುಜದ ಮೇಲೆ ಬಿದ್ದು ಗೆರೆ ಮೂಡುತ್ತದೆ. 38 ಡಿ ಸಿಗದಿದ್ದರೆ 40 ಸಿ ನೋಡಬಹುದು, ಬಟ್ಟಲಿನ ಗಾತ್ರ ಒಂದೇ. ಒಂದು ಹೆಜ್ಜೆಗಿಂತ ಆಚೆ ಹೋಗಬೇಡಿ. ಬಟ್ಟಲು ಸರಿಯಿದ್ದು ಪಟ್ಟಿ ಮಾತ್ರ ಬಿಗಿಯಾದರೆ, ಕೊಕ್ಕೆಗೆ ಸಿಕ್ಕಿಸಿ ಉದ್ದ ಮಾಡಿಕೊಳ್ಳುವ ಸಣ್ಣ ಪಟ್ಟಿ ಫ್ಯಾನ್ಸಿ ಅಂಗಡಿಗಳಲ್ಲಿ ಸಿಗುತ್ತದೆ. ಕುರ್ತಿಗೆ ಅಳತೆ ಕೊಡುವಾಗಲೂ ಸರಿಯಾದ ಬ್ರಾ ತೊಟ್ಟೇ ಕೊಡಿ, ಇಲ್ಲದಿದ್ದರೆ ಟಕ್ಸಿನ ಜಾಗವೇ ತಪ್ಪುತ್ತದೆ.

ಹೊಂಗೆಮರ, ಬೆಂಗಳೂರು

ಇನ್ನೊಂದು ಉಪಯುಕ್ತ ಸಂಗತಿ. ಮೈಗೆ ಹೊಂದಲಿಲ್ಲ ಎಂಬುದು ಕಾನೂನಿನ ದೃಷ್ಟಿಯಲ್ಲಿ ದೋಷವಲ್ಲ. ಆದರೆ ಚೀಟಿಯಲ್ಲಿ ಬಟ್ಟೆಯ ಎದೆ 122 ಸೆಂಟಿಮೀಟರ್ ಎಂದು ಮುದ್ರಿಸಿ, ಅಳೆದಾಗ 112 ಬಂದರೆ, ಸರಕಿನಲ್ಲಿಯೇ ಕೊರತೆಯಿದೆಯೆಂದು ನೀವು ವಾದಿಸಬಹುದು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲನ್ನೂ ಚೀಟಿಯನ್ನೂ ಮೊದಲ ತೊಳೆತದವರೆಗಾದರೂ ಎತ್ತಿಡಿ.

ಶರಾವತಿ, ಶಿವಮೊಗ್ಗ

ಎಲ್ಲರಿಗೂ ಮನಸಾರೆ ವಂದನೆಗಳು. ನಿನ್ನೆ ಟೇಪು ಹಿಡಿದು ಅದೇ ಎರಡನೆಯ ಅಂಗಡಿಗೆ ಹೋಗಿದ್ದೆ. ಹುಡುಗಿ ಚೀಟಿ ನೋಡಿ ಇಲ್ಲವೆನ್ನುವಷ್ಟರಲ್ಲಿ, “ಎದೆ 50, ಸೀಟು 54, ತೋಳು 18½ ಇರುವುದು ಯಾವುದಾದರೂ ಸರಿ, ಅಳೆದು ನೋಡೋಣ” ಎಂದೆ. ಅವಳೇ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಳು. ಒಂಬತ್ತು ಕುರ್ತಿ ಅಳೆದೆವು. ಎಂಟು ಸರಿಹೋಗಲಿಲ್ಲ. ಒಂಬತ್ತನೆಯದು ಎರಡು ಎಕ್ಸ್‌ಎಲ್ ಎಂದು ಬರೆದಿದ್ದ, ಭುಜದ ಹೊಲಿಗೆಯೇ ಇಲ್ಲದ ಸಡಿಲ ತೋಳಿನ ಅರಿಶಿನ ಬಣ್ಣದ್ದು. ಎದೆ 51, ಸೀಟು 55 ಬಂತು. ಹೇಳಿ ಮಾಡಿಸಿದ ಹಾಗೆ ಕೂತಿತು. ಹೊರಡುವಾಗ ಅಳತೆ, ಬಣ್ಣ, ನಂಬರನ್ನು ಬರೆಸಿ ಬಂದೆ. ಅವರ ಬಳಿ ಪುಸ್ತಕವಿರಲಿಲ್ಲ, ಹಳೆಯ ಬಿಲ್ಲಿನ ಬೆನ್ನಿಗೆ ಬರೆದುಕೊಂಡರು.

ದರ್ಜಿ ಅಣ್ಣ, ಕೆಂಗಂದು ಕುರ್ತಿಗೆ ಪಟ್ಟಿ ಹಾಕಿಸಲು ಅಮ್ಮನ ಹಳೆಯ ಇಳಕಲ್ಲಿನ ದಡಿ ಸಿಕ್ಕಿದೆ. ನಮ್ಮ ಬೀದಿಯ ದರ್ಜಿಗೆ ಭಾನುವಾರ ಕೊಡುತ್ತೇನೆ. ಕೊಡುವ ಮೊದಲು ಮಾಡಬೇಕಾದ್ದು ಏನಾದರೂ ಇದೆಯೇ?

ದರ್ಜಿ, ಹುಬ್ಬಳ್ಳಿ

ಇದೆ. ಕುರ್ತಿಯನ್ನೂ ದಡಿಯನ್ನೂ ಬೇರೆ ಬೇರೆ ಬಕೆಟ್ಟಿನ ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ ಇಸ್ತ್ರಿ ಹಾಕಿ. ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ, ಕೆಂಪು ದಡಿ ಬಣ್ಣ ಬಿಡಬಹುದು. ಒಣಗಿದ ಮೇಲೆ ತೋಳನ್ನು ಇನ್ನೊಮ್ಮೆ ಅಳೆಯಿರಿ. 16ರ ಬದಲು 15¾ ಬಂದರೆ ಪಟ್ಟಿಯನ್ನು ಎರಡೂವರೆಯ ಬದಲು ಎರಡೂಮುಕ್ಕಾಲು ಇಂಚು ಇಡಲು ಹೇಳಿ, ಎರಡೂ ಅಂಚಿಗೆ ಅರ್ಧರ್ಧ ಇಂಚು ಹೊಲಿಗೆಗೆ ಸೇರಿಸಿಕೊಂಡು ಕತ್ತರಿಸಲಿ. ಅಂಚಿಗೆ ಓವರ್‌ಲಾಕ್ ಹೊಡೆಯಲಿ, ಆದರೆ ಆ ಅರ್ಧ ಇಂಚನ್ನು ಕತ್ತರಿಸಿ ತೆಗೆಯದಿರಲಿ.